ಬೆಂಚ್ ಪವರ್ ಸಪ್ಲೈ: 10 ಆಂಪ್ ಬೇಕೇ, 5 ಸಾಕೇ?

ಪ್ರಶ್ನೆ: ಆರ್ಡುಯಿನೋ, ಇಎಸ್‌ಪಿ32 (ಪ್ರೋಗ್ರಾಂ ಹಾಕಿ ನಡೆಸುವ ಪುಟ್ಟ ಬೋರ್ಡ್‌ಗಳು), ಚಿಕ್ಕಪುಟ್ಟ ಮೋಟಾರು, ಎಲ್‌ಇಡಿ ಸ್ಟ್ರಿಪ್, ಇಷ್ಟೇ ನನ್ನ ಹವ್ಯಾಸ. ಐದಾರು ಸಾವಿರದೊಳಗೆ ಒಂದು ಬೆಂಚ್ ಪವರ್ ಸಪ್ಲೈ (ವೋಲ್ಟೇಜ್, ಕರೆಂಟ್ ಬೇಕಾದಷ್ಟಕ್ಕೆ ಇಟ್ಟುಕೊಳ್ಳುವ ಪೆಟ್ಟಿಗೆ) ಕೊಳ್ಳಬೇಕು. ಅಂಗಡಿಯವರು 30 ವೋಲ್ಟ್ 10 ಆಂಪ್‌ನದೇ ತಗೊಳ್ಳಿ ಅನ್ನುತ್ತಾರೆ. 5 ಆಂಪ್‌ನದು ಸಾಲುವುದಿಲ್ಲವೇ?

ಉತ್ತರ: ಧಾರಾಳವಾಗಿ ಸಾಲುತ್ತದೆ. ನಿಮ್ಮ ಪಟ್ಟಿಗೆ 3 ಆಂಪ್ ಆದರೂ ನಡೆಯುತ್ತದೆ. ಆರ್ಡುಯಿನೋ ಉನೋ ಬೋರ್ಡ್ ಬರಿದೇ ಎಳೆಯುವುದು 50 ಮಿಲಿಆಂಪ್ ಆಸುಪಾಸು. ಇಎಸ್‌ಪಿ32 ವೈಫೈ ಕಳಿಸುವ ಕ್ಷಣಗಳನ್ನು ಲೆಕ್ಕ ಹಿಡಿದರೂ 500 ಮಿಲಿಆಂಪ್ ಕೊಟ್ಟರೆ ಸಾಕು. ಎಸ್‌ಜಿ90 ಎಂಬ ಪುಟ್ಟ ಸರ್ವೋ ಮೋಟಾರು ಸಿಕ್ಕಿಹಾಕಿಕೊಂಡು ನಿಂತಾಗ ಮುಕ್ಕಾಲು ಆಂಪ್ ಹತ್ತಿರ ಹೋಗುತ್ತದೆ. ಹೆಚ್ಚು ಕೇಳುವುದು ಎಲ್‌ಇಡಿ ಸ್ಟ್ರಿಪ್ ಒಂದೇ. ಡಬ್ಲ್ಯೂಎಸ್2812 ಸ್ಟ್ರಿಪ್‌ನ 300 ದೀಪಗಳು ಪೂರ್ತಿ ಬಿಳಿ ಬೆಳಗಿದರೆ, ತಲಾ 60 ಮಿಲಿಆಂಪ್‌ನಂತೆ 18 ಆಂಪ್. ಅದು 10 ಆಂಪ್‌ನದಕ್ಕೂ ಎಟುಕುವುದಿಲ್ಲ. ಅಂಥ ಸ್ಟ್ರಿಪ್‌ಗೆ 5 ವೋಲ್ಟ್ 20 ಆಂಪ್‌ನ ಬೇರೆ ಎಸ್‌ಎಂಪಿಎಸ್ (ಸ್ವಿಚಿಂಗ್ ಬಗೆಯ ಪವರ್ ಸಪ್ಲೈ) ಹಾಕುವುದೇ ಸರಿ. ಬೆಂಚ್ ಸಪ್ಲೈ ಇರುವುದು ಸರ್ಕ್ಯೂಟ್ ಪರೀಕ್ಷೆಗೆ.

10 ಆಂಪ್‌ನದು ಬೇಡ ಅನ್ನಲು ಇನ್ನೊಂದು ಕಾರಣವಿದೆ, ಅದೇ ಮುಖ್ಯ. ಬೆಂಚ್ ಸಪ್ಲೈಗೆ ಹಣ ಕೊಡುವುದು ವೋಲ್ಟೇಜ್‌ಗಾಗಿ ಅಲ್ಲ, ಕರೆಂಟ್ ಲಿಮಿಟ್‌ಗಾಗಿ. ಹೊಸ ಬೋರ್ಡ್‌ಗೆ ಮೊದಲ ಸಲ ಪವರ್ ಕೊಡುವಾಗ ಮಿತಿಯನ್ನು 50 ಅಥವಾ 100 ಮಿಲಿಆಂಪ್‌ಗೆ ಇಳಿಸಿದ್ದರೆ, ಎಲ್ಲೋ ಶಾರ್ಟ್ ಆಗಿದ್ದರೂ ವೋಲ್ಟೇಜ್ ಕುಸಿದು ಸಿಸಿ ದೀಪ (ಕರೆಂಟ್ ಮಿತಿ ಮುಟ್ಟಿತೆಂದು ಹೇಳುವ ಕಾನ್‌ಸ್ಟಂಟ್ ಕರೆಂಟ್ ದೀಪ) ಹೊತ್ತಿಕೊಳ್ಳುತ್ತದೆ, ಚಿಪ್ ಉಳಿಯುತ್ತದೆ. ಅಗ್ಗದ ಸಪ್ಲೈಗಳ ಸಾದಾ ನಾಬ್ ಒಟ್ಟು ತಿರುಗುವುದು ಸುಮಾರು 300 ಡಿಗ್ರಿ. 10 ಆಂಪ್‌ನದರಲ್ಲಿ ಒಂದು ಡಿಗ್ರಿ ಅಂದರೆ 33 ಮಿಲಿಆಂಪ್, 3 ಆಂಪ್‌ನದರಲ್ಲಿ 10. ಆ ದೊಡ್ಡ ಪೆಟ್ಟಿಗೆಯಲ್ಲಿ 50 ಮಿಲಿಆಂಪ್ ಇಡಲು ಕೂತರೆ ಬೆರಳು ಸೋಲುತ್ತದೆ. ಎಷ್ಟೋ ಮಾದರಿಗಳ ಡಿಸ್‌ಪ್ಲೇಯಲ್ಲಿ ಮೂರೇ ಅಂಕಿ, 10 ಮಿಲಿಆಂಪ್‌ಗಿಂತ ಸಣ್ಣದು ಕಾಣುವುದೇ ಇಲ್ಲ. ಆದ್ದರಿಂದ ಪಟ್ಟಿಯಲ್ಲಿ ಮೊದಲು ಬರೆದುಕೊಳ್ಳಬೇಕಾದ್ದು ನಾಲ್ಕು ಅಂಕಿಯ ಡಿಸ್‌ಪ್ಲೇ (10 ಮಿಲಿವೋಲ್ಟ್, 1 ಮಿಲಿಆಂಪ್), ಕೋರ್ಸ್ (ಒರಟು ಹೊಂದಾಣಿಕೆ) ಮತ್ತು ಫೈನ್ (ಸೂಕ್ಷ್ಮ ಹೊಂದಾಣಿಕೆ) ಎರಡೂ ನಾಬ್, ಪ್ರತ್ಯೇಕ ಔಟ್‌ಪುಟ್ ಆನ್/ಆಫ್ ಗುಂಡಿ.

ಫೈನ್ ನಾಬ್ ಇಲ್ಲದಿದ್ದರೆ ವೋಲ್ಟೇಜ್‌ಗೂ ಇದೇ ಪಾಡು. 30 ವೋಲ್ಟ್‌ನ ನಾಬ್‌ನಲ್ಲಿ ಒಂದು ಡಿಗ್ರಿಗೆ 0.1 ವೋಲ್ಟ್. ಇಎಸ್‌ಪಿ32 ಚಿಪ್ ತಡೆಯುವುದು 3.6 ವೋಲ್ಟ್‌ವರೆಗೆ, 3.3ರಲ್ಲಿ ಇಟ್ಟ ನಾಬ್‌ಗೆ ಅಂಗಿಯ ತೋಳು ತಾಗಿ ಮೂರು ಡಿಗ್ರಿ ಸರಿದರೆ ಮಿತಿ ಮುಟ್ಟಿದ ಹಾಗೆ. ಅಂಕಿ ಆರಿಸಿ ತಿರುಗಿಸುವ ಎನ್‌ಕೋಡರ್ ನಾಬ್‌ನ ಕಾಟ ಬೇರೆ. ಕರ್ಸರ್ ಹತ್ತರ ಸ್ಥಾನದಲ್ಲಿ ಉಳಿದಿದ್ದರೆ ಒಂದೇ ಕ್ಲಿಕ್‌ಗೆ 3.3 ಹೋಗಿ 13.3. ಅಂಥದ್ದಕ್ಕೆ ಲಾಕ್ ಗುಂಡಿ ಇರಲೇಬೇಕು.

ಕರೆಂಟ್ ಮಿತಿ ಇಡುವ ಕ್ರಮ: ಬೋರ್ಡ್‌ನ ಸಂಪರ್ಕ ಬಿಡಿಸಿ, ವೋಲ್ಟೇಜನ್ನು 3–4ಕ್ಕೆ, ಕರೆಂಟ್ ನಾಬನ್ನು ತಳಕ್ಕೆ ಇಳಿಸಿ. ಕೆಂಪು, ಕಪ್ಪು ಎರಡೂ ಕ್ಲಿಪ್ ಒಂದಕ್ಕೊಂದು ಕಚ್ಚಿಸಿ ಔಟ್‌ಪುಟ್ ಆನ್ ಮಾಡಿ, ಬೇಕಾದ ಮಿಲಿಆಂಪ್ ಬರುವವರೆಗೆ ಕರೆಂಟ್ ನಾಬ್ ಏರಿಸಿ. ಆಮೇಲೆ ಕ್ಲಿಪ್ ಬಿಡಿಸಿ ವೋಲ್ಟೇಜ್ ಸರಿಮಾಡಿಕೊಳ್ಳಿ.

ಆದರೆ ಈ ಮಿತಿ ಕಣ್ಣುಮುಚ್ಚಿ ನಂಬುವಂಥದ್ದಲ್ಲ. ಸಪ್ಲೈಯ ಔಟ್‌ಪುಟ್‌ನಲ್ಲಿ ನೂರಾರು ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ತುಂಬಿ ಕೂತಿರುತ್ತದೆ. 12 ವೋಲ್ಟ್, 20 ಮಿಲಿಆಂಪ್ ಇಟ್ಟು ರೆಸಿಸ್ಟರ್ ಇಲ್ಲದೆ ಎಲ್‌ಇಡಿ ತಾಗಿಸಿದರೆ, ಲಿಮಿಟ್ ಎಚ್ಚರಗೊಳ್ಳುವ ಮೊದಲೇ ಆ ಕೆಪಾಸಿಟರ್ ತನ್ನಲ್ಲಿದ್ದುದನ್ನೆಲ್ಲ ಸುರಿದು ಎಲ್‌ಇಡಿಯನ್ನು ಸುಡಬಹುದು. ನಾಜೂಕಿನ ಭಾಗವಾದರೆ ವೋಲ್ಟೇಜ್ ಸೊನ್ನೆಯಲ್ಲಿಟ್ಟು ಜೋಡಿಸಿ, ನಂತರ ಏರಿಸಿ.

ಲೀನಿಯರೋ (ಹೆಚ್ಚುವರಿ ವೋಲ್ಟೇಜನ್ನು ಶಾಖವಾಗಿ ಕಳೆಯುವ ಬಗೆ) ಸ್ವಿಚಿಂಗೋ (ವೇಗವಾಗಿ ಆನ್-ಆಫ್ ಮಾಡಿ ವೋಲ್ಟೇಜ್ ಇಳಿಸುವ, ಔಟ್‌ಪುಟ್‌ನಲ್ಲಿ ಗದ್ದಲ ಹೆಚ್ಚಿರುವ ಬಗೆ) ಎಂಬ ಚರ್ಚೆಗೆ ಹೆಚ್ಚು ಹೊತ್ತು ಬೇಕಿಲ್ಲ. ಆಡಿಯೋ ಪ್ರಿಆಂಪ್, ರೇಡಿಯೋ ಮಾಡುವವರಿಗೆ ಲೀನಿಯರ್. ಮಿಕ್ಕವರಿಗೆ ಸ್ವಿಚಿಂಗ್ ಸಾಕು. ಲೀನಿಯರ್‌ನ ತೊಂದರೆ ಬಿಸಿ: 30 ವೋಲ್ಟ್‌ನ ಪೆಟ್ಟಿಗೆ 3.3 ವೋಲ್ಟ್‌ನಲ್ಲಿ 3 ಆಂಪ್ ಕೊಟ್ಟರೆ ಉಳಿದ 100 ವ್ಯಾಟ್ ಆಸುಪಾಸು ಶಾಖವಾಗಿ ಹೋಗಬೇಕು. ಅದನ್ನು ತಗ್ಗಿಸಲೆಂದೇ ಒಳಗೆ ರಿಲೇಗಳು ಟ್ರಾನ್ಸ್‌ಫಾರ್ಮರ್ ಟ್ಯಾಪ್ ಬದಲಿಸುತ್ತವೆ. ನಾಬ್ ತಿರುಗಿಸುವಾಗ ಟಿಕ್ ಎಂದರೆ ಕೆಟ್ಟಿದೆ ಎಂದುಕೊಳ್ಳಬೇಡಿ. ಹಳ್ಳಿಯಲ್ಲಿ ಸಂಜೆ ಕರೆಂಟ್ 180 ವೋಲ್ಟ್‌ಗೆ ಇಳಿಯುವುದಾದರೆ ಲೀನಿಯರ್‌ನಿಂದ ಪೂರ್ತಿ 30 ವೋಲ್ಟ್ ನಿರೀಕ್ಷಿಸುವಂತಿಲ್ಲ. ಎರಡರಲ್ಲಿ ಯಾವುದೇ ಆಗಲಿ, ಹಿಂಬದಿಯಲ್ಲಿ 115/230 ಸ್ವಿಚ್ ಇದ್ದರೆ ಪ್ಲಗ್ ಚುಚ್ಚುವ ಮೊದಲು ನೋಡಿ. 115ರಲ್ಲೇ ಉಳಿದಿದ್ದರೆ ಢಮಾರ್.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡ್‌ನಂಥ ಕಡೆ ಅಂಗಡಿಯಲ್ಲೇ ಕೊಳ್ಳುವವರು ಮಲ್ಟಿಮೀಟರ್ ಜೊತೆಗೆ 1 ಓಮ್ ಮತ್ತು 10 ಓಮ್‌ನ 10 ವ್ಯಾಟ್ ಸಿಮೆಂಟ್ ರೆಸಿಸ್ಟರ್ ಒಯ್ಯಿರಿ. 5 ವೋಲ್ಟ್ ಇಟ್ಟು 10 ಓಮ್ ಜೋಡಿಸಿದಾಗ ಅರ್ಧ ಆಂಪ್ ಹರಿಯಬೇಕು, ಟರ್ಮಿನಲ್‌ನಲ್ಲಿ ಅಳೆದ ವೋಲ್ಟೇಜ್ 0.05ಕ್ಕಿಂತ ಹೆಚ್ಚು ಕುಸಿಯಬಾರದು. ಲಿಮಿಟ್ 2 ಆಂಪ್ ಮಾಡಿ 1 ಓಮ್ ಹಾಕಿದರೆ ವೋಲ್ಟೇಜ್ 2ಕ್ಕೆ ಇಳಿದು ಸಿಸಿ ದೀಪ ಹತ್ತಬೇಕು. ಅಲ್ಲಿ 5 ವೋಲ್ಟೇ ತೋರಿಸುತ್ತಿದ್ದರೆ ಲಿಮಿಟ್ ಸತ್ತಿದೆ, ವಾಪಸ್ ಕೊಡಿ.

ಜೊತೆಗೆ ಬರುವ ಕ್ಲಿಪ್ ವೈರ್‌ಗಳ ಬಗ್ಗೆ ಒಳ್ಳೆಯ ಮಾತಾಡಲು ಏನೂ ಇಲ್ಲ. ವೈರ್‌ಗೆ ಅಯಸ್ಕಾಂತ ಹಿಡಿಯಿರಿ (ಕ್ಲಿಪ್‌ಗಲ್ಲ, ಅದು ಹೇಗೂ ಉಕ್ಕು); ಅಂಟಿದರೆ ಒಳಗಿರುವುದು ಬರೀ ತಾಮ್ರವಲ್ಲ. 1 ಚದರ ಮಿಲಿಮೀಟರ್‌ನ ಮೆತ್ತನೆಯ ತಾಮ್ರದ ವೈರ್‌ಗೆ ಬನಾನಾ ಪ್ಲಗ್ ಹಾಕಿಕೊಂಡರೆ ಹೋಗಿಬರುವ ಒಂದೊಂದು ಮೀಟರ್‌ನಲ್ಲಿ, 5 ಆಂಪ್‌ಗೆ, ನಷ್ಟ 0.2 ವೋಲ್ಟ್‌ಗಿಂತ ಕಡಿಮೆ.

ಮುಂದುಗಡೆಯ ಹಸಿರು ಟರ್ಮಿನಲ್ ನೆಗೆಟಿವ್ ಅಲ್ಲ, ಗೋಡೆಯ ಅರ್ಥಿಂಗ್. ಕೆಂಪು–ಹಸಿರು ಜೋಡಿಸಿ "ಕರೆಂಟೇ ಬರ್ತಿಲ್ಲ" ಎನ್ನುವವರು ಬಹಳ. ಸರ್ಕ್ಯೂಟ್‌ಗೆ ಕೆಂಪು ಮತ್ತು ಕಪ್ಪು.

ಲಿಥಿಯಂ ಸೆಲ್ ಚಾರ್ಜ್ ಮಾಡುವ ಆಸೆಯೂ ಇದ್ದರೆ 4.20 ವೋಲ್ಟನ್ನು ಪ್ಯಾನೆಲ್ ನೋಡಿ ಇಡಬೇಡಿ, ಮಲ್ಟಿಮೀಟರ್‌ನಿಂದ ಅಳೆದೇ ಇಡಿ. 2500 ಮಿಲಿಆಂಪ್-ಅವರ್‌ನ ಸೆಲ್‌ಗೆ ಮಿತಿ 1.25 ಆಂಪ್. ಮುಗಿದ ಮೇಲೆ ಮೊದಲು ಸೆಲ್‌ನಿಂದ ಕ್ಲಿಪ್ ಬಿಡಿಸಿ, ಆಮೇಲೆ ಸಪ್ಲೈ ಆಫ್ ಮಾಡಿ. ಉಲ್ಟಾ ಮಾಡಿದರೆ ಸೆಲ್‌ನ ಕರೆಂಟ್ ಸಪ್ಲೈಯೊಳಕ್ಕೆ ಹಿಮ್ಮುಖವಾಗಿ ಹರಿಯುತ್ತದೆ.