ಗಾಳಿಯಂತ್ರಕ್ಕೂ ಮೊದಲು ಮೇಷ್ಟ್ರು ಬಂದರು

ಡೆನ್ಮಾರ್ಕಿನ ಆಸ್ಕೊವ್ ಹಳ್ಳಿಯಲ್ಲಿ ಪ್ರಾಯದ ಹುಡುಗ ಹುಡುಗಿಯರಿಗೆಂದೇ ಒಂದು ವಸತಿ ಶಾಲೆಯಿತ್ತು. ಬರುತ್ತಿದ್ದವರು ಹೆಚ್ಚಾಗಿ ರೈತರ ಮಕ್ಕಳು. ಪರೀಕ್ಷೆಯ ಕಾಟವಿರಲಿಲ್ಲ. ಅಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಪೌಲ್ ಲಾ ಕೂರ್ 1891ರಲ್ಲಿ ಸರ್ಕಾರದಿಂದ ದುಡ್ಡು ತಂದು, ಕರೆಂಟು ಕೊಡುವ ಗಾಳಿಯಂತ್ರವೊಂದನ್ನು ನಿಲ್ಲಿಸಿದರು. ಗಾಳಿ ಬೀಸದ ದಿನ ಏನು ಮಾಡೋದು? ಬೀಸಿದಾಗ ಸಿಕ್ಕ ಕರೆಂಟಿನಿಂದ ನೀರನ್ನು ಒಡೆದು ಹೈಡ್ರೋಜನ್ ಕೂಡಿಟ್ಟರು. ಶಾಲೆಯ ದೀಪಗಳು ಉರಿದದ್ದು ಅದರಲ್ಲೇ. ನಡುವೆ ಕೆಲವು ಸಲ ಹೈಡ್ರೋಜನ್ ಸಿಡಿದು ಕಿಟಕಿ ಗಾಜುಗಳೂ ಪುಡಿಯಾದವು. ಈಗ ನಾವು ಹೊಸದೆಂಬಂತೆ ಮಾತಾಡುವ ಹಸಿರು ಹೈಡ್ರೋಜನ್ ಇದೇ ಅಲ್ವಾ!

ಆದರೆ ಯಂತ್ರಕ್ಕಿಂತ ದೊಡ್ಡ ಕೆಲಸ ಮುಂದಿನದು. 1904ರ ಹೊತ್ತಿಗೆ ಲಾ ಕೂರ್ ಹಳ್ಳಿ ಹುಡುಗರಿಗೆ ಎಲೆಕ್ಟ್ರಿಷಿಯನ್ ಕೆಲಸ ಕಲಿಸತೊಡಗಿದರು. ಗಾಳಿ ವಿದ್ಯುತ್ತಿನ ಉದ್ಯಮ ಅನ್ನೋದು ಆಗ ಇನ್ನೂ ಬೆಳೆದಿರಲಿಲ್ಲ. ಹಾಗೆ ಕಲಿತವರಲ್ಲಿ ಹದಿಹರೆಯದ ಯೊಹಾನೆಸ್ ಯೂಲ್ ಒಬ್ಬ. ಕಲಿತದ್ದು ಫಲ ಕೊಡಲು ಅರ್ಧ ಶತಮಾನ ಹಿಡಿಯಿತು. 1957ರಲ್ಲಿ, ಎಪ್ಪತ್ತರ ಹತ್ತಿರವಿದ್ದ ಯೂಲ್, ಡೆನ್ಮಾರ್ಕಿನ ಗೆಡ್ಸರ್‌ನಲ್ಲಿ 200 ಕಿಲೋವ್ಯಾಟಿನ ಯಂತ್ರ ಓಡಿಸಿದರು. ಅದಕ್ಕೆ ಮೂರು ರೆಕ್ಕೆ. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಇಂದು ತಿರುಗುವ ಯಂತ್ರಗಳಿಗೂ ಮೂರೇ ರೆಕ್ಕೆ. ಅವು ಯೂಲ್ ಯಂತ್ರದ ವಂಶದವು.

ಎಪ್ಪತ್ತರ ದಶಕದಲ್ಲಿ ತೈಲದ ಬೆಲೆ ಏರಿದಾಗ ಮತ್ತೆ ಶಾಲೆಯವರೇ ಮುಂದೆ ಬಂದರು. ಡೆನ್ಮಾರ್ಕಿನದೇ ಟ್ವಿಂಡ್ ಎಂಬಲ್ಲಿ ಮೇಷ್ಟ್ರುಗಳು, ವಿದ್ಯಾರ್ಥಿಗಳು, ಸುಮ್ನೆ ಕೈಜೋಡಿಸಿದ ಜನ ಸೇರಿ 1978ರಲ್ಲಿ 53 ಮೀಟರ್ ಎತ್ತರದ ಗೋಪುರದ ಮೇಲೆ ಭಾರೀ ಯಂತ್ರ ತಿರುಗಿಸಿದರು. ಆಗ ಜಗತ್ತಿನಲ್ಲಿ ಅದಕ್ಕಿಂತ ದೊಡ್ಡದಿರಲಿಲ್ಲ.

1991ರಲ್ಲಿ ಡೆನ್ಮಾರ್ಕಿನ ವಿಂಡೆಬಿ ಬಳಿ 11 ಯಂತ್ರಗಳು ನೀರಿಗಿಳಿದವು. ಜಗತ್ತಿನ ಮೊದಲ ಸಮುದ್ರ ಗಾಳಿ ವಿದ್ಯುತ್ ಸ್ಥಾವರ ಅದು. ಆದರೆ ಸಮುದ್ರ ನೆಲದಂತಲ್ಲ ಎಂದು ಸರಿಯಾಗಿ ತಿಳಿದದ್ದು ಡೆನ್ಮಾರ್ಕಿನ ಪಶ್ಚಿಮ ಕಡಲಿನ ಹಾರ್ನ್ಸ್ ರೆವ್‌ನಲ್ಲಿ. 2002ರಲ್ಲಿ ಅಲ್ಲಿ 80 ಯಂತ್ರ ನಿಂತವು. ಎರಡೇ ವರ್ಷಕ್ಕೆ ಟ್ರಾನ್ಸ್‌ಫಾರ್ಮರ್, ಜನರೇಟರ್ ಕೈಕೊಟ್ಟು, ಎಂಬತ್ತೂ ಯಂತ್ರಗಳ ತಲೆಭಾಗವನ್ನು ಬಿಚ್ಚಿ ದಡಕ್ಕೆ ತರಬೇಕಾಯಿತು.

ಕಡಲಿನ ಯಂತ್ರದ ರಿಪೇರಿಗೆ ಹೋಗೋದನ್ನು ಊಹಿಸಿಕೊಳ್ಳಿ. ಬೋಟು ತನ್ನ ಮೂತಿಯನ್ನು ಕಂಬಕ್ಕೆ ಒತ್ತಿ ನಿಲ್ಲುತ್ತದೆ. ಅಲೆಗೆ ಅದು ಏರುತ್ತದೆ, ಇಳಿಯುತ್ತದೆ. ಸಮಯ ನೋಡಿ ಒಂದೇ ಹೆಜ್ಜೆಯಲ್ಲಿ ಏಣಿ ಹಿಡಿಯಬೇಕು. ಸೊಂಟದಲ್ಲಿ ಬೆಲ್ಟು, ಮೈಮೇಲೆ ನೀರು ಹೊಗದ ಸೂಟು. ಇದಕ್ಕೇ ಈಗ ಹಲವು ದೇಶಗಳಲ್ಲಿ ಒಪ್ಪುವ ಸುರಕ್ಷತಾ ತರಬೇತಿಯಿದೆ. ಪ್ರಥಮ ಚಿಕಿತ್ಸೆ, ಬೆಂಕಿ, ಭಾರ ಎತ್ತುವುದು, ಎತ್ತರದ ಕೆಲಸ, ಕಡಲಲ್ಲಿ ಬದುಕುಳಿಯುವುದು ಅದರ ಪಾಠಗಳು. ಎರಡು ವರ್ಷಕ್ಕೊಮ್ಮೆ ಮತ್ತೆ ಕಲಿಯಬೇಕು.

ನಮ್ಮಲ್ಲಿ ಲೆಕ್ಕ ಶುರುವಾಗುವುದು ಮೆಗಾವ್ಯಾಟಿನಿಂದ, ಕಲಿತ ಕೈಗಳಿಂದಲ್ಲ. ಚೆನ್ನೈಯ ಗಾಳಿಶಕ್ತಿ ಸಂಸ್ಥೆ 1998ರಲ್ಲೇ ಹುಟ್ಟಿತು, ಅದೂ ಡೆನ್ಮಾರ್ಕಿನ ನೆರವಿನಿಂದ. 2015ರಲ್ಲಿ ಸಮುದ್ರ ಗಾಳಿಶಕ್ತಿ ನೀತಿ ಬಂತು. ಸೋಲಾರ್ ಕೆಲಸ ಕಲಿಸುವ ಸೂರ್ಯಮಿತ್ರ ಯೋಜನೆ ಬಂದದ್ದೂ ಅದೇ ವರ್ಷ. 2024ರಲ್ಲಿ ಕೇಂದ್ರ ಸಂಪುಟ ಗುಜರಾತ್ ಮತ್ತು ತಮಿಳುನಾಡಿನ ಕಡಲಿಗೆ ತಲಾ 500 ಮೆಗಾವ್ಯಾಟಿನಂತೆ, ₹7,453 ಕೋಟಿಯ ಯೋಜನೆಗೆ ಒಪ್ಪಿತು. ಕರ್ನಾಟಕದ ಕಡಲು ಅದರಲ್ಲಿಲ್ಲ.

ಯೋಜನೆಯಲ್ಲಿ ನಮ್ಮ ಕಡಲಿಲ್ಲದಿದ್ದರೇನು, ಕೆಲಸಕ್ಕೆ ಜನ ಬೇಕಲ್ಲ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಕಡಲ ಕಟ್ಟಡಗಳ ವಿಷಯದಲ್ಲಿ ಎಂ.ಟೆಕ್ ಓದಬಹುದು. ಆದರೆ ಎಂ.ಟೆಕ್ ಮಾಡಿದವರೆಲ್ಲ ಏಣಿ ಹತ್ತುವುದಿಲ್ಲ. ಚಿತ್ರದುರ್ಗದಲ್ಲಿ ಗಾಳಿಯಂತ್ರ ನೋಡಿಕೊಳ್ಳುವ ಹುಡುಗನಿಗೆ ಎತ್ತರದ ಭಯ ಬಿಟ್ಟುಹೋಗಿರುತ್ತದೆ, ಬೋಟು ಹತ್ತಿರುವುದಿಲ್ಲ. ಮಲ್ಪೆಯ ಬೋಟಿನಲ್ಲಿ ಬೆಳೆದವನಿಗೆ ಯಾವ ಅಲೆಗೆ ಕಾಲಿಡಬೇಕು, ಯಾವುದಕ್ಕೆ ಕಾಯಬೇಕು ಅನ್ನೋದನ್ನು ಯಾರೂ ಹೇಳಿಕೊಡಬೇಕಿಲ್ಲ. ಅವನಿಗೆ ಬೇಕಿರುವುದು ವೈರಿಂಗ್ ಪಾಠ.