ಮುಟ್ಟೋ ಸೊಪ್ಪು, ಮೇಯೋ ಸೊಪ್ಪು: ಆಡಿನ ಮೇವಿನ ಮರಗಳ ಟಿಪ್ಪಣಿ

ಆಡು ಸಾಕಣೆಯ ನಮ್ಮ ನೋಟ್ಸಿನಲ್ಲಿ ಮೇವಿನ ಮರ ಒಂದು ಕಡೆ, ವಿಷದ ಗಿಡ ಇನ್ನೊಂದು ಕಡೆ ಅಂತ ಎರಡು ಪಟ್ಟಿ ಇರುತ್ತೆ. ಬಾಯಿಪಾಠಕ್ಕೆ ಸುಲಭ. ಆದರೆ ಸುಬಾಬುಲ್ ಮರ ಯಾವ ಪಟ್ಟಿಗೆ ಸೇರಬೇಕು ಅಂತ ಕೇಳಿದರೆ ಎರಡಕ್ಕೂ ಅನ್ನಬೇಕಾಗುತ್ತೆ. ನಾನು ತಡವರಿಸಿದ್ದು ಅಲ್ಲೇ.

'ಆಡು ಮುಟ್ಟದ ಸೊಪ್ಪಿಲ್ಲ' ಅಂತೀವಲ್ಲ, ಅದರಲ್ಲಿ 'ಮುಟ್ಟು' ಅನ್ನೋ ಮಾತು ಗಮನಿಸಿ. ಬೇಲಿಗುಂಟ ಹೋಗೋ ಆಡನ್ನ ಹತ್ತು ನಿಮಿಷ ನೋಡಿದರೆ ಸಾಕು. ಎಲಚಿ ಮುಳ್ಳಿನ ಸಂದಿಯಿಂದ ತುಟಿಯಲ್ಲೇ ಎರಡು ಎಲೆ ಬಿಡಿಸಿಕೊಳ್ಳುತ್ತೆ, ಹಿಂಗಾಲ ಮೇಲೆ ನಿಂತು ಜಾಲಿಯ ಕುಡಿ ಕೀಳುತ್ತೆ, ಹೊಂಗೆಯನ್ನ ಮೂಸಿ ಬಿಟ್ಟು ಮುಂದಕ್ಕೆ ಹೋಗುತ್ತೆ. ಹತ್ತಾರು ಕಡೆ ಬಾಯಿ ಹಾಕೋದರಿಂದ ಯಾವುದೂ ಅಳತೆ ಮೀರಲ್ಲ. ಅದೇ ಆಡನ್ನ ರೊಪ್ಪದಲ್ಲಿ ಕೂಡಿ, ಒಂದೇ ಮರದ ಸೊಪ್ಪನ್ನ ದಿನಾ ಹೊರೆಗಟ್ಟಲೆ ಹಾಕಿದರೆ ಈ ಕಾವಲು ತಪ್ಪುತ್ತೆ. (ಗಾದೆ ಏನೇ ಹೇಳಲಿ, ನಮ್ಮಲ್ಲಿ ಆಡುಮುಟ್ಟದ ಬಳ್ಳಿ ಅಂತಲೂ ಒಂದಿದೆ!)

ಈಗ ಸುಬಾಬುಲ್. ಒಣತೂಕದಲ್ಲಿ ಸುಮಾರು 20ರಿಂದ 25% ಪ್ರೋಟೀನ್, ಆಡಿಗೆ ಬಲು ಇಷ್ಟ. ಜೊತೆಗೆ ಮೈಮೋಸಿನ್ ಅನ್ನೋ ವಿಷ, ಎಳೆ ಕುಡಿಯಲ್ಲಿ ಹೆಚ್ಚು. ಅತಿಯಾದರೆ ಕೂದಲು ಉದುರುತ್ತೆ. ಮೈಮೋಸಿನ್ ರೂಮೆನ್‌ನಲ್ಲಿ (ಮೆಲುಕು ಹಾಕೋ ಪ್ರಾಣಿಯ ಮೊದಲ ದೊಡ್ಡ ಹೊಟ್ಟೆ) ಒಡೆದು ಆಗೋ ಡಿಎಚ್‌ಪಿ ಅನ್ನೋ ವಸ್ತು ಥೈರಾಯ್ಡ್ ಕೆಲಸ ಕೆಡಿಸುತ್ತೆ. ಆಸ್ಟ್ರೇಲಿಯಾದ ದನಗಳು ಇದರಿಂದ ನರಳುತ್ತಿದ್ದಾಗ, ಹವಾಯಿಯ ಆಡುಗಳು ಅದನ್ನೇ ಮೇದು ಗಟ್ಟಿಮುಟ್ಟಾಗಿದ್ದವು. ರೇಮಂಡ್ ಜೋನ್ಸ್ ಅನ್ನೋ ವಿಜ್ಞಾನಿ ಇದರ ಬೆನ್ನು ಹತ್ತಿದರು. ಹವಾಯಿ ಆಡುಗಳ ರೂಮೆನ್‌ನಲ್ಲಿ ಡಿಎಚ್‌ಪಿಯನ್ನ ಒಡೆಯೋ ಬ್ಯಾಕ್ಟೀರಿಯಾ ಇತ್ತು, ಅದನ್ನ ಆಸ್ಟ್ರೇಲಿಯಾದ ಪ್ರಾಣಿಗಳ ಹೊಟ್ಟೆಗೆ ಸೇರಿಸಿದಾಗ ಅವೂ ತಡೆದುಕೊಂಡವು. 1992ರಲ್ಲಿ ಅದಕ್ಕೆ ಸಿನರ್ಜಿಸ್ಟಿಸ್ ಜೋನ್ಸಿಯೈ ಅಂತ ಹೆಸರಾಯಿತು. ಅಂದರೆ ಮರ ಒಂದೇ, ಹೊಟ್ಟೆ ಬೇರೆ. ನಮ್ಮ ಆಡಿನ ಹೊಟ್ಟೆಯಲ್ಲಿ ಏನಿದೆ ಅಂತ ಇಣುಕಿ ನೋಡೋಕಾಗಲ್ಲ, ಹಾಗಾಗಿ ಮೇವಿನ ಮೂರನೇ ಒಂದು ಪಾಲು ದಾಟಬೇಡಿ. 30 ಕಿಲೋ ಆಡಿಗೆ ದಿನಕ್ಕೆ ಸುಮಾರು 4 ಕಿಲೋ ಹಸಿ ಸೊಪ್ಪು ಅಂದುಕೊಂಡರೆ ಸುಬಾಬುಲ್ ಒಂದು ಕಿಲೋ ಚಿಲ್ಲರೆ.

ಹಲಸು, ಅಗಸೆ, ನುಗ್ಗೆ, ಅತ್ತಿ, ಆಲ, ಬಸರಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಬೆರೆಸಿ ಹಾಕಿ. ಹಿಪ್ಪುನೇರಳೆಯೂ ಒಳ್ಳೇದೇ, ರೇಷ್ಮೆಯವರು ತೋಟಕ್ಕೆ ಔಷಧಿ ಹೊಡೆದು ಎಷ್ಟು ದಿನ ಆಯಿತು ಅಂತ ಮಾತ್ರ ಕೇಳಿ. ಗೊಬ್ಬರದ ಗಿಡದ (ಗ್ಲಿರಿಸೀಡಿಯ) ವಾಸನೆಗೆ ಆಡು ಮೊದಲು ಮುಖ ತಿರುಗಿಸುತ್ತೆ. ಒಂದು ಹೊತ್ತು ಬಾಡಿಸಿ ಬೇರೆ ಸೊಪ್ಪಿನ ಜೊತೆ ಕೊಟ್ಟರೆ ರೂಢಿಯಾಗುತ್ತೆ. ಮುಗ್ಗಲು ಹಿಡಿದದ್ದು ಬೇಡ.

ಜಾಲಿ, ಬನ್ನಿಯಲ್ಲಿ ಟ್ಯಾನಿನ್ ಅನ್ನೋ ಒಗರು ಅಂಶ ಹೆಚ್ಚು. ಅದನ್ನ ಸ್ವಲ್ಪಮಟ್ಟಿಗೆ ಕಟ್ಟಿಹಾಕೋ ಪ್ರೋಟೀನು ಆಡಿನ ಜೊಲ್ಲಲ್ಲೇ ಇದೆ. ಬಳ್ಳಾರಿ ಜಾಲಿಯಲ್ಲಿ ಎಲೆ ಬೇಡ ಅನ್ನುತ್ತೆ, ಸಿಹಿಗಾಯಿ ಬಿದ್ದರೆ ಓಡಿ ಬರುತ್ತೆ. ವಾರಗಟ್ಟಲೆ ಬರೀ ಕಾಯೇ ಮೇದರೆ ದವಡೆಯ ನರ ಸೋತು ಅಗಿಯೋಕೇ ಆಗಲ್ಲ.

ಇನ್ನು ನಿಜವಾದ ಯಮ ಕಣಗಿಲೆ. ಹೃದಯಕ್ಕೇ ಹೊಡೆಯುತ್ತೆ, ಹಿಡಿ ಎಲೆ ಸಾಕು, ಇಲ್ಲಿ ಅಳತೆಯ ಮಾತೇ ಇಲ್ಲ. ಗಿಡದಲ್ಲಿದ್ದಾಗ ಕಹಿಗೆ ಆಡು ಸಾಮಾನ್ಯವಾಗಿ ಹತ್ತಿರ ಹೋಗಲ್ಲ. ನಮ್ಮ ಪಕ್ಕದ ಬೀದಿಯಲ್ಲಿ ಒಬ್ಬರು ಕಾಂಪೌಂಡಿನ ಕಣಗಿಲೆ ಕತ್ತರಿಸಿ ರೊಪ್ಪದ ಹಿಂದೆ ಸುರಿದಿದ್ದರು. ಮೂರನೇ ದಿನ ಬಾಡಿದ ಎಲೆ ತಿಂದು ಎರಡು ಮರಿ ಸತ್ತವು. ಒಣಗಿದರೂ ಅದರ ವಿಷ ಇಳಿಯಲ್ಲ.

ಲಂಟಾನಕ್ಕೂ ಆಡು ಬಾಯಿ ಹಾಕೋದು ಹಸಿದಾಗಲೇ. ಯಕೃತ್ತು ಕೆಟ್ಟು ಕಣ್ಣು ಹಳದಿಯಾಗುತ್ತೆ, ಬಿಸಿಲಿಗೆ ಮೂತಿ, ಕಿವಿಯ ಚರ್ಮ ಸುಲಿಯುತ್ತೆ. ಕಂಡ ಕೂಡಲೇ ನೆರಳಿಗೆ ಕಟ್ಟಿ ಡಾಕ್ಟರಿಗೆ ಫೋನ್ ಮಾಡಿ. ಬೇಸಿಗೆಯಲ್ಲಿ ಹೊಸ ಜಾಗಕ್ಕೆ ಮೇಯೋಕೆ ಬಿಡೋ ಮುಂಚೆ ಒಂದೊಂದು ಹಿಡಿ ಒಣ ಹೊಟ್ಟು ತಿನ್ನಿಸಿ ಬಿಡಿ.