ಗೋಡೆಯ ಮೇಲಿನ ಚಿತ್ರಕ್ಕೂ ಬಾಡಿಗೆ ಕೊಡಬೇಕೆ?

ಪ್ರಶ್ನೆ: ಮದುವೆಯಾಗಿ ನಲವತ್ತು ವರ್ಷ ತುಂಬುತ್ತಿದೆ. ನಾವಿಬ್ಬರೂ ಮೂರು ದಿನ ಮುಂಬೈ ನೋಡಿ ಬರಬೇಕೆಂದು ಪುಣೆಯಲ್ಲಿರುವ ಮಗಳು ಹಟ ಹಿಡಿದಿದ್ದಾಳೆ. ಕೊಲಾಬಾದಲ್ಲಿ ಯಾವುದೋ ಆರ್ಟ್ ಬುಟೀಕ್ ಹೋಟೆಲ್ ನೋಡಿದ್ದಾಳಂತೆ, ರಾತ್ರಿಗೆ ಏಳೂವರೆ ಸಾವಿರದ ಆಚೀಚೆ. ದಾದರಿನ ಸಾದಾ ಲಾಡ್ಜಿನಲ್ಲಿ ಅಷ್ಟಕ್ಕೆ ಎರಡು ರಾತ್ರಿ ಕಳೆಯಬಹುದು. ಗೋಡೆಯ ಮೇಲಿನ ಚಿತ್ರಕ್ಕೂ ಬಾಡಿಗೆ ಕೊಡಬೇಕೆ?
— ನಿವೃತ್ತ ಶಿಕ್ಷಕರು, ಸೇಡಂ

ಉತ್ತರ: ಮಾಸ್ತರರೇ, ಒಂದು ರಾತ್ರಿಗೆ ಕೊಡಿ, ಮೂರು ರಾತ್ರಿಗೆ ಬೇಡ. ಆ ಒಂದು ರಾತ್ರಿ ಕೊನೆಯದಾಗಿರಲಿ. ಮೊದಲೆರಡು ದಿನ ನೀವು ಊರು ಸುತ್ತಿ, ಕಾಲು ಸೋತು, ಕೋಣೆಗೆ ಬಂದು ಮಲಗುವವರು. ಕಣ್ಣು ಮುಚ್ಚಿದ ಮೇಲೆ ಗೋಡೆಯ ಮೇಲೆ ಏನಿದ್ದರೇನು?

ಬುಟೀಕ್ ಎಂದರೆ ಫ್ರೆಂಚ್ ಭಾಷೆಯಲ್ಲಿ ಸಣ್ಣ ಅಂಗಡಿ, ಅಷ್ಟೇ. 1984ರಲ್ಲಿ ನ್ಯೂಯಾರ್ಕಿನಲ್ಲಿ ಮಾರ್ಗನ್ಸ್ ಎಂಬ ಹೋಟೆಲ್ ತೆರೆದಾಗ, ಅದರ ಮಾಲೀಕರಲ್ಲೊಬ್ಬರು ಉಳಿದ ಹೋಟೆಲುಗಳನ್ನು ಎಲ್ಲವೂ ಸಿಗುವ ದೊಡ್ಡ ಮಳಿಗೆಗಳಿಗೂ ತಮ್ಮದನ್ನು ಆಯ್ದ ಸರಕಿನ ಸಣ್ಣ ಅಂಗಡಿಗೂ ಹೋಲಿಸಿದರು. ಹೆಸರು ಅಲ್ಲಿಂದ ಹಬ್ಬಿತು. ಈಗ ಹತ್ತು ಕೋಣೆಯಿದ್ದು ಬಾಗಿಲಿಗೆ ನೀಲಿ ಬಣ್ಣ ಹೊಡೆದವರೂ ಅದೇ ಹೆಸರು ಇಟ್ಟುಕೊಳ್ಳುತ್ತಾರೆ. ಹಾಗಾಗಿ ಬೋರ್ಡು ನಂಬಿ ಹೋಗುವಂತಿಲ್ಲ.

ನಾನು ಹಾಗೆ ನಂಬಿ ಹೋದವನೇ. ಹೋಟೆಲಿನ ಹೆಸರು ಬೇಡ. ಹಳೆಯ ಕಟ್ಟಡ, ಮರದ ಮೆಟ್ಟಿಲು, ಲಿಫ್ಟ್ ಇಲ್ಲ, ನನ್ನ ಕೋಣೆ ಮೂರನೆಯ ಮಹಡಿಯಲ್ಲಿ. ಕಿಟಕಿ ತೆರೆದರೆ ಸಮುದ್ರವಲ್ಲ, ಪಕ್ಕದ ಮನೆಯ ನೀರಿನ ಪೈಪು. ಮಂಚದ ಮೇಲೆ ಮೀನು ಮಾರುವ ಹೆಂಗಸರ ದೊಡ್ಡ ಚಿತ್ರವೊಂದಿತ್ತು. ಚೆನ್ನಾಗಿದೆಯಲ್ಲ ಎಂದುಕೊಂಡು ಎದುರಿನ ಕೋಣೆಯ ತೆರೆದ ಬಾಗಿಲಿನಲ್ಲಿ ಇಣುಕಿದೆ. ಅಲ್ಲಿಯೂ ಅದೇ ಹೆಂಗಸರು, ಅದೇ ಬುಟ್ಟಿ, ಅದೇ ಮೀನು. ಆದರೆ ನನಗೆ ಮರೆಯಲಾಗದ್ದು ನೆಲ. ಸಾಮಾನು ತಂದ ಹುಡುಗ ಬೂದು ಬಣ್ಣದ ಕಲ್ಲು ತೋರಿಸಿ, ಇದು ಕಲಾವಿದರೇ ಆರಿಸಿದ ವಿಶೇಷ ಕಲ್ಲು ಎಂದ. ನಾನು ಬಗ್ಗಿ ಕೈಯಾಡಿಸಿ ನೋಡಿದೆ. ನಮ್ಮ ಶಹಾಬಾದಿನ ಪರಸಿ! ಮರಾಠಿಯವರು ಅದನ್ನು ಶಹಾಬಾದಿ ಫರಶಿ ಎಂದೇ ಕರೆಯುತ್ತಾರೆ. ನಮ್ಮ ಮನೆಯಲ್ಲಿ ಬಚ್ಚಲಿಗೂ ದನದ ಕೊಟ್ಟಿಗೆಗೂ ಹಾಸಿದ್ದು ಅದನ್ನೇ. ಅದರ ಮೇಲೆ ಮಲಗಲು ರೈಲಿನಲ್ಲಿ ಸುಮಾರು 570 ಕಿಲೋಮೀಟರ್ ಹೋಗಿದ್ದೆ.

ಆದ್ದರಿಂದ ಮುಂಗಡ ಕಟ್ಟುವ ಮೊದಲು ಮಗಳಿಂದ ಒಂದು ಫೋನ್ ಮಾಡಿಸಿ. ಒಂದೇ ಪ್ರಶ್ನೆ ಸಾಕು: ಕೋಣೆಯಲ್ಲಿರುವ ಚಿತ್ರ ಯಾರು ಬರೆದದ್ದು? ಕಲೆಯ ಮೇಲೆ ನಿಜವಾದ ಅಕ್ಕರೆ ಇರುವ ಕಡೆ ಹೆಸರು ಥಟ್ಟನೆ ಬರುತ್ತದೆ, ಜೊತೆಗೆ ಒಂದೆರಡು ಕಥೆಯೂ ಬರುತ್ತದೆ. ಡಿಸೈನರ್ ಹಾಕಿಸಿದ್ದು ಎಂಬ ಉತ್ತರ ಬಂದರೆ ಅದು ಅಚ್ಚು ಹೊಡೆಸಿ ಚೌಕಟ್ಟು ಹಾಕಿದ್ದು ಎಂದೇ ತಿಳಿಯಿರಿ. ಅಲ್ಲಿಗೆ ಹೋದ ಮೇಲೆ ಗೊತ್ತುಮಾಡಿಕೊಳ್ಳುವುದೂ ಸುಲಭ. ಚಿತ್ರವನ್ನು ಎದುರಿನಿಂದಲ್ಲ, ಪಕ್ಕದಿಂದ, ಬೆಳಕು ಓರೆಯಾಗಿ ಬೀಳುವಾಗ ನೋಡಿ. ತೈಲವರ್ಣದಲ್ಲಿ ಕುಂಚ ಎಳೆದ ಗೆರೆಗಳು ಉಬ್ಬಿ ಕಾಣುತ್ತವೆ. ಅಚ್ಚಾದದ್ದು ಸಪಾಟಾಗಿರುತ್ತದೆ, ಭೂತಗನ್ನಡಿ ಹಿಡಿದರೆ ಚುಕ್ಕಿಗಳಾಗಿ ಒಡೆಯುತ್ತದೆ.

ಮೇಜಿನ ಮೇಲೆ ಬಿದರಿ ಹೂದಾನಿ ಇಟ್ಟಿದ್ದರೆ ಪರೀಕ್ಷೆ ಮಾಡಲು ನಮ್ಮ ಕಡೆಯವರಿಗಿಂತ ಹಕ್ಕುದಾರರು ಯಾರು? ಎತ್ತಿ ನೋಡಿ. ನಿಜವಾದದ್ದು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದದ್ದು, ಕೈಗೆ ಭಾರ ಹತ್ತುತ್ತದೆ. ಉಳಿಯಿಂದ ಕೊರೆದು ಬೆಳ್ಳಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿ ಉಜ್ಜಿದಾಗ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ಹಗುರಾಗಿದ್ದು, ಉಗುರಿಗೆ ಕಪ್ಪು ಕಿತ್ತು ಬಂದರೆ ಅದು ಬರೀ ಪೇಂಟು.

ಮುಂಬೈಯ ಇಂಥ ಹೋಟೆಲುಗಳಿಗೆ ಹಳೆಯ ಸಿನಿಮಾ ಪೋಸ್ಟರ್ ಎಂದರೆ ಪ್ರಾಣ. ಅವುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ, ಮೂಲೆಯಲ್ಲಿರುವ ಸಹಿ ಓದಿ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ ಅವರು ಮುಂಬೈಗೆ ಹೋಗಿ ಹೆಸರು ಮಾಡಿದ್ದು ಸಿನಿಮಾ ಪೋಸ್ಟರುಗಳಿಂದ, ಪತ್ರಿಕೆಗಳ ಮುಖಪುಟಗಳಿಂದ, ಆಮೇಲೆ ದೇವರ ಕ್ಯಾಲೆಂಡರುಗಳಿಂದ. ನಾವು ಪಂಡಿತ್ ರಂಗಮಂದಿರಕ್ಕೆ ನಾಟಕ ನೋಡಲು, ಸನ್ಮಾನಕ್ಕೆ ಚಪ್ಪಾಳೆ ತಟ್ಟಲು ಎಷ್ಟು ಸಲ ಹೋಗಿಲ್ಲ! ಆ ಪಂಡಿತರು ಯಾರೆಂದು ಕೇಳಿದರೆ ಅನೇಕರು ಸಂಗೀತಗಾರರಿರಬೇಕು ಎನ್ನುತ್ತಾರೆ. ಅವರ ಸಹಿ ನಿಮ್ಮ ಕಣ್ಣಿಗೆ ಬಿದ್ದರೆ ಆ ರಾತ್ರಿಯ ಬಾಡಿಗೆ ಅಲ್ಲಿಗೇ ವಸೂಲು.

ಬೀಳದಿದ್ದರೂ ನಷ್ಟವಿಲ್ಲ. ಕೊಲಾಬಾದಲ್ಲಿ ಉಳಿಯುವ ಲಾಭವೆಲ್ಲ ಹೊರಗೆ, ಬೀದಿಯಲ್ಲಿ. ಕಾಲಾ ಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿ 1952ರಿಂದ ನಡೆಯುತ್ತಿದೆ, ಒಳಗೆ ಹೋಗಲು ಕಾಸು ಕೊಡಬೇಕಿಲ್ಲ. ಬರೆದವರೇ ಕುರ್ಚಿ ಹಾಕಿಕೊಂಡು ಕೂತಿರುವುದೂ ಉಂಟು, ಮಾತಾಡಿಸಿದರೆ ಖುಷಿಪಡುತ್ತಾರೆ. ಪಕ್ಕದಲ್ಲೇ 1922ರಲ್ಲಿ ಜನರಿಗೆ ತೆರೆದ, ಹಿಂದೆ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎನ್ನುತ್ತಿದ್ದ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ. ಅದರೆದುರು ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಅದಕ್ಕೆ ಸೋಮವಾರ ರಜೆ. ಮೂರೂ ನಿಮ್ಮ ಮೊಣಕಾಲಿಗೆ ತೊಂದರೆ ಕೊಡದಷ್ಟು ಹತ್ತಿರ. ಕಾಲಾ ಘೋಡಾ ಉತ್ಸವದ ದಿನಗಳಲ್ಲಿ, ಅಂದರೆ ಜನವರಿ ಕೊನೆ ಅಥವಾ ಫೆಬ್ರವರಿ ಮೊದಲ ವಾರಗಳಲ್ಲಿ, ಹೋಗಬೇಡಿ ಎನ್ನುವುದು ನನ್ನ ಸಲಹೆ. ಜಾತ್ರೆ ಚೆನ್ನ, ಕೋಣೆ ಸಿಗುವುದು ಕಷ್ಟ.

ಇನ್ನು ದುಡ್ಡಿನ ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 5, ಅದನ್ನು ದಾಟಿದರೆ ಶೇ 18. ಅಂದರೆ 7,500ರ ಕೋಣೆಗೆ ನೀವು ಕೊಡುವುದು 7,875. ಬಾಡಿಗೆ 7,600 ಆದರೆ 8,968. ನೂರು ರೂಪಾಯಿ ಹೆಚ್ಚಿಗೆ ಸಾವಿರಕ್ಕೂ ಮೇಲೆ ಹೊರೆ. ಮಗಳಿಗೆ ಚೌಕಾಸಿ ಮಾಡಲು ಹೇಳಿ, ಇದು ನಾಚಿಕೆಪಡುವ ವಿಷಯವಲ್ಲ.

ಲಿಫ್ಟ್ ಇದೆಯೇ, ಇಲ್ಲದಿದ್ದರೆ ಕೋಣೆ ಎಷ್ಟನೆಯ ಮಹಡಿ ಎಂದು ಕೇಳಿ. ಬೆಳಗಿನ ಚಹಾ ಎಷ್ಟು ಗಂಟೆಗೆ ಎಂಬುದನ್ನೂ ಕೇಳಿ. ಕಲೆಯ ಹೋಟೆಲುಗಳು ತಡವಾಗಿ ಏಳುತ್ತವೆ, ನೀವು ಐದಕ್ಕೇ ಎದ್ದು ಕೂರುವವರು. ಕೋಣೆ ಕೊಡುವುದು ಸಾಮಾನ್ಯವಾಗಿ ಮಧ್ಯಾಹ್ನ ಎರಡಕ್ಕೆ. ಆ ದಿನ ಬೆಳಿಗ್ಗೆಯೇ ದಾದರಿನಿಂದ ಹೊರಟು ಚೀಲಗಳನ್ನು ಹೋಟೆಲಿನ ಕೌಂಟರಿನಲ್ಲಿ ಇಟ್ಟು, ನೇರವಾಗಿ ಜಹಾಂಗೀರಿಗೆ ನಡೆಯಿರಿ. ಅದು ತೆರೆಯುವುದು ಹನ್ನೊಂದಕ್ಕೆ. ಮನೆಯವರಿಗೆ ಮಾತ್ರ ಮೆತ್ತನೆಯ ಚಪ್ಪಲಿ ಹಾಕಿಕೊಳ್ಳಲು ಮರೆಯದೆ ಹೇಳಿ.